ಕಟ್ಟಳೆಗೆ ಒಳಗಾಗಲು ಹಿಂಜರಿಕೆಯೇಕೆ?



ಕಳೆದ ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ಸಂಜೆ ಭಕ್ತರೊಬ್ಬರ ಮಗನು ನಮ್ಮಲ್ಲಿಗೆ ಬಂದು ಕುಳಿತನು. ಬೆಂಗಳೂರಿನಲ್ಲಿ ಗಣಕಯಂತ್ರಗಳ ಉದ್ಯೋಗದಲ್ಲಿರುವ ತರುಣ. ಅಂದಿನ ಪ್ರವಚನದ ವಿಷಯ ಸಂಯಮ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದನು: "ಬುದ್ಧಿ, ಹಾರುವ ಯಂತ್ರವೊಂದು ತನ್ನ ಗುರಿಯನ್ನು ತಾನೇ ಗುರುತಿಸಿ ಎರಗುವಂತೆ ಮಾಡುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಮನಸ್ಸು ಒಪ್ಪುತ್ತಿಲ್ಲ. ಆದರೆ ನಾವು ಮಾಡದಿದ್ದರೆ ನೆರೆಯವರು ಮಾಡುತ್ತಾರೆ ಎನ್ನುತ್ತಾರೆ. ಎದುರಿಗಿರುವವನು ಸಂಯಮ ತೋರದಿರುವಾಗ ನಾನೊಬ್ಬನೇ ಕೈಕಟ್ಟಿ ಕುಳಿತರೆ ಅದು ಧರ್ಮವೋ, ದಡ್ಡತನವೋ?" ಅಂದು ನಾವು ಅವನಿಗೆ ಪ್ರಸಾದವನ್ನಿತ್ತು, ಯೋಚಿಸಿ ಹೇಳುವೆವೆಂದು ಕಳುಹಿಸಿದೆವು. ಅವಸರದ ಉತ್ತರಕ್ಕೆ ನಿಲುಕುವ ಪ್ರಶ್ನೆ ಅದಾಗಿರಲಿಲ್ಲ.

ಈ ಪ್ರಶ್ನೆ ಆ ತರುಣನೊಬ್ಬನದೇ ಅಲ್ಲ. ಇಂದು ಜಗತ್ತಿನ ಸರಕಾರಗಳೆಲ್ಲವೂ ತಮ್ಮ ತಮ್ಮಲ್ಲಿ ಕೇಳಿಕೊಳ್ಳುತ್ತಿರುವ ಪ್ರಶ್ನೆಯೂ ಇದೇ ಆಗಿದೆ. ಕೃತಕ ಬುದ್ಧಿಮತ್ತೆ ಎಂಬ ಹೊಸ ಶಕ್ತಿಯು ಕಚೇರಿ, ಆಸ್ಪತ್ರೆ, ಶಾಲೆಗಳನ್ನು ಹೊಕ್ಕಂತೆ ರಣರಂಗವನ್ನೂ ಹೊಕ್ಕಿದೆ. ಇದಕ್ಕೆ ಎಲ್ಲ ರಾಷ್ಟ್ರಗಳೂ ಒಪ್ಪುವ ಒಂದು ಕಟ್ಟಳೆ ಬೇಕೆಂಬುದನ್ನು ಬಾಯಿಮಾತಿನಲ್ಲಿ ಅಲ್ಲಗಳೆಯುವವರು ವಿರಳ. ಆದರೆ ಆ ಕಟ್ಟಳೆಗೆ ತಾವು ಒಳಗಾಗಬೇಕಾದ ಘಳಿಗೆ ಬಂದಾಗ ಒಬ್ಬೊಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಈ ಹಿಂಜರಿಕೆಯ ಸ್ವರೂಪವೇನು, ಅದರಲ್ಲಿ ನ್ಯಾಯವೆಷ್ಟು, ನೆಪವೆಷ್ಟು ಎಂಬುದನ್ನು ವಾಚಕರೊಡನೆ ಕುಳಿತು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಡೆದ ಸಂಗತಿಗಳನ್ನು ನೋಡೋಣ. 2023ರ ನವೆಂಬರ್ 1 ಮತ್ತು 2ರಂದು ಬ್ರಿಟನ್ನಿನ ಸರಕಾರವು ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಒಂದು ಸಮ್ಮೇಳನವನ್ನು ಕರೆಯಿತು. ಭಾರತ, ಅಮೆರಿಕ, ಚೀನಗಳೂ ಸೇರಿದಂತೆ 28 ರಾಷ್ಟ್ರಗಳು ಹಾಗೂ ಐರೋಪ್ಯ ಒಕ್ಕೂಟವು ಅಲ್ಲಿಯ ಘೋಷಣೆಯನ್ನು ಒಪ್ಪಿದುವು. ಆ ಘೋಷಣೆಯು ಅಪಾಯವುಂಟೆಂಬುದನ್ನು ಒಪ್ಪಿಕೊಂಡಿತೇ ಹೊರತು ಯಾರನ್ನೂ ಯಾವುದಕ್ಕೂ ಕಟ್ಟಿಹಾಕಲಿಲ್ಲ. ಮುಂದೆ 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮತ್ತು ಭಾರತಗಳ ಸಹ ಅಧ್ಯಕ್ಷತೆಯಲ್ಲಿ ಪ್ಯಾರಿಸ್ಸಿನಲ್ಲಿ ಸಮ್ಮೇಳನ ಸೇರಿದಾಗ, ಅಲ್ಲಿಯ ಹೇಳಿಕೆಯೂ ಕಾನೂನಿನ ಬಂಧವಿಲ್ಲದುದೇ ಆಗಿದ್ದರೂ, ಅಮೆರಿಕ ಮತ್ತು ಬ್ರಿಟನ್ ಅದಕ್ಕೆ ಸಹಿ ಹಾಕಲು ನಿರಾಕರಿಸಿದುವು. ಹದಿನೈದು ತಿಂಗಳ ಹಿಂದೆ ಎಲ್ಲರನ್ನೂ ಕರೆದು ಕೂಡಿಸಿದ್ದ ಬ್ರಿಟನ್ ತಾನೇ ದೂರ ನಿಂತಿತು. ಅಮೆರಿಕದಲ್ಲಂತೂ 2023ರ ಅಕ್ಟೋಬರ್ 30ರಂದು ಒಬ್ಬ ಅಧ್ಯಕ್ಷರು ಈ ವಿಷಯವಾಗಿ ಹೊರಡಿಸಿದ ಆಜ್ಞೆಯನ್ನು 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನದಂದೇ, ಮುಂದಿನ ಅಧ್ಯಕ್ಷರು ರದ್ದುಪಡಿಸಿದರು.

ಕಾನೂನಿನ ಬಲವುಳ್ಳ ಒಂದು ಅಂತಾರಾಷ್ಟ್ರೀಯ ಒಡಂಬಡಿಕೆಯೂ ಇಲ್ಲದಿಲ್ಲ. ಯುರೋಪ್ ಮಂಡಳಿಯು ರೂಪಿಸಿದ ಈ ಒಡಂಬಡಿಕೆಯು 2024ರ ಸೆಪ್ಟೆಂಬರ್ 5ರಂದು ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಸಹಿಗಾಗಿ ತೆರೆಯಲ್ಪಟ್ಟಿತು. ಆದರೆ ಅದನ್ನು ತೆರೆದು ಓದಿದರೆ, ರಾಷ್ಟ್ರರಕ್ಷಣೆಗೆ ಸಂಬಂಧಿಸಿದುದೆಲ್ಲವನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟಿರುವುದು ಕಾಣುತ್ತದೆ. ಅದೇ ವರ್ಷ ಐರೋಪ್ಯ ಒಕ್ಕೂಟವು ಜಾರಿಗೆ ತಂದ ಸವಿಸ್ತಾರವಾದ ಕಾಯಿದೆಯೂ ಸೈನಿಕ ಉಪಯೋಗಕ್ಕೆ ಅನ್ವಯಿಸುವುದಿಲ್ಲ. ಅಂಗಡಿಯವನಿಗೆ ಕಟ್ಟಳೆಯುಂಟು, ಉದ್ಯಮಿಗೆ ಉಂಟು. ಕೊಲ್ಲುವ ಅಧಿಕಾರವುಳ್ಳ ರಾಜ್ಯಕ್ಕೆ ಮಾತ್ರ ಇಲ್ಲ. ಅಪಾಯವು ಎಲ್ಲಿ ಅತ್ಯಧಿಕವೋ ಅಲ್ಲಿಯೇ ಕಟ್ಟಳೆಯು ಮೌನ ತಾಳುತ್ತದೆ. ಆದುದರಿಂದ ಆಯುಧದ ವಿಷಯವನ್ನೇ ಇಲ್ಲಿ ಮುಖ್ಯವಾಗಿ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ.

ಮನುಷ್ಯನು ಒಮ್ಮೆ ಹೊರಡಿಸಿದ ಮೇಲೆ, ಯಾರ ಮೇಲೆ ಎರಗಬೇಕೆಂಬುದನ್ನು ತಾನೇ ಆರಿಸಿಕೊಂಡು ಎರಗುವ ಆಯುಧ: ಇದು ಪ್ರಶ್ನೆಯಲ್ಲಿರುವ ವಸ್ತು. ಬಿಲ್ಲಿನಿಂದ ಬಿಟ್ಟ ಬಾಣವೂ ಹಿಂದಿರುಗಿ ಬಾರದು, ನಿಜ. ಆದರೆ ಬಾಣದ ಗುರಿಯನ್ನು ಬಿಟ್ಟವನೇ ಆರಿಸಿದ್ದನು. ಇಲ್ಲಿ ಆ ಆಯ್ಕೆಯೇ ಯಂತ್ರದ್ದು. ಇದರ ಬಗ್ಗೆ ಜಿನೀವಾ ನಗರದಲ್ಲಿ 2014ರಿಂದ ಮಾತುಕತೆ ನಡೆಯುತ್ತಿದೆ. ಕ್ರೂರವೆನಿಸಿದ ಕೆಲವು ಆಯುಧಗಳನ್ನು ನಿರ್ಬಂಧಿಸುವ 1980ರ ಒಡಂಬಡಿಕೆಯ ಆಶ್ರಯದಲ್ಲಿ ಸೇರಿದ ಸರಕಾರಿ ತಜ್ಞರ ಸಮಿತಿಯು ಮೊದಲು ಕೂಡಿದುದು 2017ರಲ್ಲಿ; ಅದರ ಅಧ್ಯಕ್ಷಪೀಠದಲ್ಲಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್ ಅವರು. 2019ರಲ್ಲಿ 11 ಮಾರ್ಗದರ್ಶಿ ಸೂತ್ರಗಳು ಒಪ್ಪಿತವಾದುವು. ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು, ಅದು ಮನುಷ್ಯನಲ್ಲಿಯೇ ಉಳಿಯಬೇಕು ಎಂಬುದು ಅವುಗಳಲ್ಲಿ ಒಂದು. ಸೂತ್ರಗಳೇನೋ ಉತ್ತಮವಾಗಿವೆ. ಆದರೆ ಸೂತ್ರವು ಕಟ್ಟಳೆಯಲ್ಲ. ಆ ವೇದಿಕೆಯಲ್ಲಿ ಯಾವುದೇ ನಿರ್ಣಯಕ್ಕೂ ಸರ್ವಾನುಮತ ಬೇಕು. ಒಬ್ಬನು ಬೇಡವೆಂದರೂ ಎಲ್ಲವೂ ನಿಲ್ಲುತ್ತದೆ.

2023ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗಳೂ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಅಧ್ಯಕ್ಷೆಯೂ ಕೂಡಿ, 2026ರೊಳಗೆ ಬಂಧಕವಾದ ಒಡಂಬಡಿಕೆಯೊಂದನ್ನು ಮಾಡಿಕೊಳ್ಳಿರೆಂದು ರಾಷ್ಟ್ರಗಳಿಗೆ ಮನವಿ ಮಾಡಿದರು. ಅದೇ ಡಿಸೆಂಬರ್ 22ರಂದು ವಿಶ್ವಸಂಸ್ಥೆಯ ಮಹಾಸಭೆಯು ಈ ಆಯುಧಗಳ ಪ್ರಶ್ನೆಯನ್ನು ತುರ್ತಾಗಿ ಗಮನಿಸಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 152 ಮತಗಳು, ವಿರುದ್ಧವಾಗಿ 4. ಆ ನಾಲ್ಕು ರಾಷ್ಟ್ರಗಳು ರಷ್ಯಾ, ಬೆಲಾರಸ್, ಮಾಲಿ ಮತ್ತು ನಮ್ಮ ಭಾರತ. ಜಿನೀವಾದ ವೇದಿಕೆಯೇ ಇದಕ್ಕೆ ತಕ್ಕುದು, ಬೇರೊಂದು ದಾರಿ ಬೇಡವೆಂಬುದು ನಮ್ಮ ಸರಕಾರದ ವಾದವಾಗಿದ್ದಿತು. ಮರುವರ್ಷ, 2024ರ ಡಿಸೆಂಬರ್ 2ರಂದು, ಇಂತಹುದೇ ನಿರ್ಣಯಕ್ಕೆ 166 ಮತಗಳು ಬಂದುವು; ವಿರೋಧಿಸಿದ ಮೂವರಲ್ಲಿ ಭಾರತವಿರಲಿಲ್ಲ. ಈ ಲೇಖನವನ್ನು ಬರೆಯುವ ವೇಳೆಗೂ ಬಂಧಕವಾದ ಒಡಂಬಡಿಕೆ ಕೈಗೂಡಿಲ್ಲ.

ಯಾರನ್ನೇ ಆಗಲಿ ಆಕ್ಷೇಪಿಸುವುದಕ್ಕೆ ಮೊದಲು ಅವರ ಪಕ್ಷವನ್ನು ಅವರಿಗಿಂತಲೂ ಸ್ಪಷ್ಟವಾಗಿ ಹೇಳಬಲ್ಲವನಾಗಿರಬೇಕೆಂಬುದು ನಮ್ಮ ಶಾಸ್ತ್ರಕಾರರ ಪದ್ಧತಿ. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ. ಹಿಂಜರಿಯುವ ಸರಕಾರಗಳು ಹೇಳುವ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು: ಈ ಶಕ್ತಿ ಇನ್ನೂ ಬೆಳೆಯುತ್ತಿದೆ, ಅದರ ಲಕ್ಷಣವೇ ನಿಶ್ಚಿತವಾಗಿಲ್ಲ, ಲಕ್ಷಣವಿಲ್ಲದ ವಸ್ತುವಿಗೆ ನಿಯಮವೆಂತು? ಎರಡನೆಯದು: ಕ್ಷಿಪಣಿಯನ್ನು ಉಪಗ್ರಹದಿಂದ ಎಣಿಸಬಹುದು, ಯಂತ್ರದೊಳಗಿನ ಬುದ್ಧಿಯನ್ನು ಎಣಿಸುವುದು ಹೇಗೆ? ಇಂದು ಮನುಷ್ಯನ ಅಪ್ಪಣೆಗೆ ಕಾಯುವ ಯಂತ್ರವನ್ನು ಅದರೊಳಗಿನ ಕೆಲವು ಸಾಲುಗಳ ಬದಲಾವಣೆಯಿಂದ ನಾಳೆ ಕಾಯದಂತೆ ಮಾಡಬಹುದು. ಆದುದರಿಂದ ಪ್ರಾಮಾಣಿಕನು ಕಟ್ಟಿಗೆ ಸಿಕ್ಕುವನು, ವಂಚಕನು ತಪ್ಪಿಸಿಕೊಳ್ಳುವನು. ಮೂರನೆಯದು: ಕಟ್ಟಳೆ ಎಂಬುದು ಬಲ್ಲಿದರು ತಾವು ಮೇಲೇರಿದ ಬಳಿಕ ಏಣಿಯನ್ನು ತೆಗೆದುಹಾಕುವ ಉಪಾಯ.

ಈ ಮೂರನೆಯ ಸಂಶಯವು ಭಾರತೀಯರಾದ ನಮಗೆ ಅನುಭವದಿಂದಲೇ ಬಂದುದು. 1968ರ ಅಣ್ವಸ್ತ್ರ ಪ್ರಸರಣ ನಿಷೇಧದ ಒಡಂಬಡಿಕೆಯು 1967ರ ಜನವರಿ 1ಕ್ಕೆ ಮೊದಲು ಬಾಂಬು ಸಿಡಿಸಿದವರನ್ನು ಒಂದು ಜಾತಿಯಾಗಿಯೂ ಉಳಿದವರನ್ನು ಇನ್ನೊಂದು ಜಾತಿಯಾಗಿಯೂ ವಿಂಗಡಿಸಿತು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಮೇಲುಕೀಳನ್ನು ಒಪ್ಪದ ಮನಸ್ಸಿಗೆ ಆ ನಿರಾಕರಣೆಯಲ್ಲಿನ ನ್ಯಾಯ ಅರ್ಥವಾಗದೆ ಇರದು. ಎರಡನೆಯ ಸಂಶಯವೂ ಹುಸಿಯಲ್ಲ. ಯುಕ್ರೇನಿನ ಯುದ್ಧದಲ್ಲಿ ಶತ್ರುವು ರೇಡಿಯೋ ಸಂಕೇತಗಳನ್ನು ತಡೆದಾಗ ಡ್ರೋನ್ ತನ್ನ ಚಾಲಕನ ಕೈತಪ್ಪುತ್ತದೆ. ಆಗ ಕೊನೆಯ ಗಳಿಗೆಯಲ್ಲಿ ತಾನೇ ಗುರಿ ಹಿಡಿಯಬಲ್ಲ ಡ್ರೋನು ಬೇಕೆನಿಸುತ್ತದೆ. ಮನೆಯ ಮೇಲೆ ದಾಳಿಯಾಗುತ್ತಿರುವವನಿಗೆ ಸಂಯಮವನ್ನು ಬೋಧಿಸುವುದು ದೂರದಲ್ಲಿ ಕುಳಿತ ನಮಗೆ ಸುಲಭ.

ಆದರೆ ಮೊದಲನೆಯ ಕಾರಣವನ್ನು, "ಇನ್ನೂ ಕಾಲ ಪಕ್ವವಾಗಿಲ್ಲ" ಎಂಬುದನ್ನು, ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡಬೇಕು. 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಸೇರಿ, ಬಲೂನುಗಳಿಂದ ಸ್ಫೋಟಕಗಳನ್ನು ಕೆಳಗೆ ಹಾಕಕೂಡದೆಂದು ಐದು ವರ್ಷಗಳ ಮಟ್ಟಿಗೆ ಒಪ್ಪಿಕೊಂಡುವು. ಆಗಿನ್ನೂ ವಿಮಾನ ಹುಟ್ಟಿರಲಿಲ್ಲ. ಆಕಾಶದಿಂದ ಕೊಲ್ಲುವುದು ಯಾರಿಗೂ ಲಾಭವಾಗಿ ಕಂಡಿರಲಿಲ್ಲವಾದ್ದರಿಂದ ಬಿಟ್ಟುಕೊಡುವುದು ಸುಲಭವಾಗಿದ್ದಿತು. 1903ರಲ್ಲಿ ವಿಮಾನ ಹಾರಿತು. 1907ರಲ್ಲಿ ಆ ನಿಷೇಧವನ್ನು ಮುಂದುವರಿಸುವ ಪ್ರಶ್ನೆ ಬಂದಾಗ ಜರ್ಮನಿ, ಫ್ರಾನ್ಸ್, ರಷ್ಯಾ, ಇಟಲಿ ಮೊದಲಾದುವು ಒಪ್ಪಲಿಲ್ಲ. 1911ರಲ್ಲಿ ಇಟಲಿಯ ವಿಮಾನಿಕನೊಬ್ಬನು ಲಿಬಿಯದಲ್ಲಿ ಕೈಯಿಂದಲೇ ಬಾಂಬುಗಳನ್ನು ಕೆಳಗೆ ಎಸೆದನು. ಅಲ್ಲಿಂದ 1937ರ ಗೆರ್ನಿಕಾಕ್ಕೆ, 1945ರ ಹಿರೋಶಿಮಾಕ್ಕೆ ಎಷ್ಟು ದೂರ? ಮೂವತ್ತನಾಲ್ಕೇ ವರ್ಷ. ಆಯುಧವು ಎಳೆಯದಾಗಿದ್ದಾಗ ಕಾಲ ಪಕ್ವವಾಗಿಲ್ಲವೆನ್ನುತ್ತೇವೆ. ಬಲಿತ ಮೇಲೆ ಕಾಲ ಮಿಂಚಿತೆನ್ನುತ್ತೇವೆ. ಇವೆರಡರ ನಡುವೆ ಕಟ್ಟಳೆಗೆ ಪ್ರಶಸ್ತವಾದ ಮುಹೂರ್ತವೊಂದು ತಾನಾಗಿ ಒದಗಿ ಬಂದುದನ್ನು ಇತಿಹಾಸ ಕಂಡಿಲ್ಲ.

ಇನ್ನು ತಾತ್ತ್ವಿಕವಾದ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ಹಾಬ್ಸ್ ಎಂಬ ದಾರ್ಶನಿಕನು 1651ರಲ್ಲಿ ಪ್ರಕಟವಾದ ತನ್ನ 'ಲೆವಯಾಥನ್' ಗ್ರಂಥದಲ್ಲಿ ಆ ತರುಣನ ಪ್ರಶ್ನೆಯನ್ನೇ ಎತ್ತಿ ಉತ್ತರ ಹೇಳಿದ್ದಾನೆ. ಅವನ ಅಭಿಪ್ರಾಯದ ಸಾರವಿಷ್ಟು: ನೀತಿಯ ನಿಯಮಗಳು ಅಂತಃಸಾಕ್ಷಿಯನ್ನು ಯಾವಾಗಲೂ ಬಂಧಿಸುತ್ತವೆ, ಆದರೆ ಆಚರಣೆಯನ್ನು ಬಂಧಿಸುವುದು, ಇತರರೂ ಆಚರಿಸುವರೆಂಬ ಭರವಸೆ ಇದ್ದಾಗ ಮಾತ್ರ. ಯಾರೂ ಪಾಲಿಸದಲ್ಲಿ ತಾನೊಬ್ಬನೇ ಪಾಲಿಸುವವನು ತನ್ನನ್ನು ತಾನೇ ಇತರರಿಗೆ ಬೇಟೆಯಾಗಿ ಒಪ್ಪಿಸಿಕೊಂಡಂತೆ. ಇಂದಿನ ಸರಕಾರಗಳು ಹಾಬ್ಸನನ್ನು ಓದಿರಲಿ ಬಿಡಲಿ, ಅವನ ಶಿಷ್ಯರೇ ಆಗಿವೆ.

ಇದಕ್ಕೆ ನೇರವಾಗಿ ಎದುರು ನಿಲ್ಲುವುದು ಪತಂಜಲಿಯ ಯೋಗಸೂತ್ರದ ಮಹಾವ್ರತದ ಕಲ್ಪನೆ. ಅಹಿಂಸೆ, ಸತ್ಯಾದಿ ಯಮಗಳು ಜಾತಿ, ದೇಶ, ಕಾಲ, ಸಮಯಗಳಿಂದ ಪರಿಮಿತಗೊಳ್ಳದಿದ್ದಾಗ ಮಾತ್ರ ಅವು ಮಹಾವ್ರತವೆನಿಸುತ್ತವೆಂದು ಅಲ್ಲಿ ಹೇಳಿದೆ. ವ್ಯಾಸಭಾಷ್ಯವು ಇದಕ್ಕೆ ಸ್ವಾರಸ್ಯವಾದ ಉದಾಹರಣೆಗಳನ್ನು ಕೊಡುತ್ತದೆ. ಮೀನುಗಾರನ ಹಿಂಸೆ ಮೀನಿಗೆ ಮಾತ್ರ, ಇತರ ಪ್ರಾಣಿಗಳಿಗಿಲ್ಲ. ಇದು ಜಾತಿಯಿಂದ ಪರಿಮಿತವಾದ ಅಹಿಂಸೆ. ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆಂಬುದು ದೇಶದಿಂದ, ಪುಣ್ಯದಿನದಂದು ಕೊಲ್ಲೆನೆಂಬುದು ಕಾಲದಿಂದ, ಯುದ್ಧದಲ್ಲಿ ಹೊರತು ಕೊಲ್ಲೆನೆಂಬುದು ಸಮಯದಿಂದ ಪರಿಮಿತವಾದುದು. ವಿಲ್ನಿಯಸ್ಸಿನ ಒಡಂಬಡಿಕೆಯಲ್ಲಿ ರಾಷ್ಟ್ರರಕ್ಷಣೆಗೆ ಕೊಟ್ಟ ವಿನಾಯಿತಿಯನ್ನು ಓದುವಾಗ ನಮಗೆ ಈ ಭಾಷ್ಯವೇ ಕಣ್ಣಮುಂದೆ ಬಂದಿತು. ಮನುಷ್ಯನ ಘನತೆಯನ್ನು ಕಾಪಾಡುತ್ತೇವೆ, ನಮ್ಮ ರಕ್ಷಣೆಯ ಸಂದರ್ಭವೊಂದನ್ನುಳಿದು! ಮೀನುಗಾರನಾದರೂ ತನ್ನದು ಪರಿಮಿತ ವ್ರತವೆಂದು ಬಲ್ಲನು. ಅದನ್ನು ಅವನು ಮಹಾವ್ರತವೆಂದು ಸಾರಿಕೊಂಡು ತಿರುಗುವುದಿಲ್ಲ.

ಹಾಗಾದರೆ ಸರಕಾರಗಳು ಮಹಾವ್ರತವನ್ನು ಹಿಡಿಯಬೇಕೆನ್ನುತ್ತೇವೆಯೇ? ಇಲ್ಲ. ಕಾವಿಯುಟ್ಟವರ ಕಡೆಯಿಂದ ಇಂತಹ ಉಪದೇಶ ಬರುವುದು ಸಹಜವೆಂದು ವಾಚಕರು ನಿರೀಕ್ಷಿಸಿರಬಹುದು. ಆದರೆ ಯತಿಯು ಪಣಕ್ಕೊಡ್ಡುವುದು ತನ್ನ ಒಂದು ಪ್ರಾಣವನ್ನು. ರಾಜ್ಯವು ಪಣಕ್ಕೊಡ್ಡುವುದು ತನ್ನನ್ನು ನಂಬಿದ ಕೋಟ್ಯಂತರ ಜನರ ಪ್ರಾಣಗಳನ್ನು. ತನ್ನದಲ್ಲದ ಪ್ರಾಣವನ್ನು ತ್ಯಾಗ ಮಾಡುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ಹಾಬ್ಸನ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಮಹಾವ್ರತಕ್ಕೂ ವ್ರತಹೀನತೆಗೂ ನಡುವೆ ಇನ್ನೊಂದು ಮೆಟ್ಟಿಲಿದೆ. ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಾಳಿದ ಜೈನ ಧರ್ಮೀಯರು ಅದಕ್ಕೆ ಅಣುವ್ರತವೆಂಬ ಹೆಸರಿತ್ತಿದ್ದಾರೆ. ಮಹಾವ್ರತ ಮುನಿಗೆ, ಅಣುವ್ರತ ಗೃಹಸ್ಥನಿಗೆ. ಗೃಹಸ್ಥನು ಹೊಲ ಉಳಬೇಕು, ಮನೆ ಕಾಯಬೇಕು. ಅವನು ಎಲ್ಲವನ್ನೂ ಬಿಡಲಾರನು; ಆದರೆ ಇಂತಹುದನ್ನು ಮಾಡೆನೆಂದು ಒಂದು ಗೆರೆಯನ್ನು ಎಳೆದುಕೊಳ್ಳಬಲ್ಲನು. ಆ ಗೆರೆ ಚಿಕ್ಕದಾಗಿರಬಹುದು, ಆದರೆ ನಿಜವಾದ ಗೆರೆಯಾಗಿರುತ್ತದೆ. ರಾಷ್ಟ್ರಗಳಿಂದ ನಾವು ಬೇಡಬಹುದಾದುದು ಈ ಗೃಹಸ್ಥನ ವ್ರತವನ್ನು. ಸೈನ್ಯವನ್ನು ಬಿಡಿರೆಂದಲ್ಲ, ಆಯುಧವನ್ನು ಕೆಳಗಿಡಿರೆಂದಲ್ಲ. ಒಬ್ಬ ಮನುಷ್ಯನನ್ನು ಕೊಲ್ಲುವ ತೀರ್ಮಾನವನ್ನು, ಅದಕ್ಕೆ ಉತ್ತರ ಹೇಳಬಲ್ಲ ಇನ್ನೊಬ್ಬ ಮನುಷ್ಯನೇ ಮಾಡಬೇಕು ಎಂಬ ಒಂದು ಗೆರೆ.

ಇಷ್ಟು ಚಿಕ್ಕ ಗೆರೆಯನ್ನಾದರೂ ಮೊದಲು ಯಾರು ಎಳೆಯಬೇಕು? ನಮ್ಮ ಪೂರ್ವಾಶ್ರಮದ ಊರಿನ ಒಂದು ನೆನಪು ಇಲ್ಲಿ ಪ್ರಸ್ತುತ. ಮಳೆ ಕೈಕೊಟ್ಟ ಒಂದು ವರ್ಷ ಕೆರೆಯ ನೀರು ತೂಬಿನ ಮಟ್ಟಕ್ಕೆ ಇಳಿದಿತ್ತು. ಸರದಿಯ ಮೇಲೆ ನೀರು ಬಿಡಬೇಕೆಂದು ಊರವರೆಲ್ಲ ಚಾವಡಿಯಲ್ಲಿ ಒಪ್ಪಿದರು. ಆದರೆ ತನ್ನ ಗದ್ದೆಗೆ ಹರಿಯುವ ನೀರನ್ನು ಮೊದಲು ಕಟ್ಟುವವರಿಲ್ಲ. ಅವನು ಕಟ್ಟಲಿ, ನಾನೂ ಕಟ್ಟುತ್ತೇನೆ ಎಂಬುದೇ ಎಲ್ಲರ ಮಾತು. ಕಡೆಗೆ ತೂಬಿಗೆ ಅತ್ಯಂತ ಸಮೀಪದಲ್ಲಿ ಗದ್ದೆಯಿದ್ದ ಹಿರಿಯರೊಬ್ಬರು ನೀರಗಂಟಿಯನ್ನು ಕರೆದು, "ಮೊದಲು ನನ್ನದನ್ನು ಕಟ್ಟಪ್ಪ" ಎಂದರು. ಅವರಿಗೆ ಅದರಿಂದ ನಷ್ಟವಾಗದಿರಲಿಲ್ಲ; ಆ ವರ್ಷ ಅವರ ಪೈರು ಬಹಳಷ್ಟು ಒಣಗಿತು. ಎರಡು ದಿನದಲ್ಲಿ ಉಳಿದವರೂ ಕಟ್ಟಿದರು. ಒಬ್ಬನು ಮಾತ್ರ ಕೊನೆಯವರೆಗೂ ರಾತ್ರಿ ಹೊತ್ತು ನೀರು ತಿರುಗಿಸಿಕೊಂಡನು. ಆದರೆ ಒಂದು ವ್ಯತ್ಯಾಸವಾಯಿತು. ಅದಕ್ಕೆ ಮೊದಲು ಅವನೂ ಎಲ್ಲರಂತೆ ಒಬ್ಬ ರೈತನಾಗಿದ್ದನು, ಆಮೇಲೆ ನೀರುಗಳ್ಳನೆನಿಸಿದನು. ಕಟ್ಟಳೆಯು ಕಳ್ಳತನವನ್ನು ಪೂರ್ತಿಯಾಗಿ ನಿಲ್ಲಿಸದಿರಬಹುದು. ಆದರೆ ಅದು ಕಳ್ಳತನಕ್ಕೆ ಕಳ್ಳತನವೆಂಬ ಹೆಸರನ್ನು ಕೊಡುತ್ತದೆ. ಹೆಸರಿಲ್ಲದ ತಪ್ಪನ್ನು ತಡೆಯುವವರಿಲ್ಲ.

ರಾಷ್ಟ್ರಗಳ ನಡುವೆಯೂ ಇದು ಹೀಗೆಯೇ ನಡೆದಿರುವುದುಂಟು. ರಾಸಾಯನಿಕ ಆಯುಧಗಳ ನಿಷೇಧದ ಒಡಂಬಡಿಕೆಗೆ ಭಾರತ 1993ರಲ್ಲಿ ಸಹಿ ಹಾಕಿ 1996ರಲ್ಲಿ ಅದನ್ನು ಸ್ಥಿರೀಕರಿಸಿತು. ನೆರೆಯ ಚೀನ ಮತ್ತು ಪಾಕಿಸ್ತಾನಗಳು ಸ್ಥಿರೀಕರಿಸಿದುದು 1997ರಲ್ಲಿ. ನೆರೆಯವರು ಮೊದಲು ಕಟ್ಟಿಕೊಳ್ಳಲೆಂದು ಭಾರತ ಕಾಯಲಿಲ್ಲ. ಅಷ್ಟೇ ಅಲ್ಲದೆ, 1997ರಲ್ಲಿ ತನ್ನಲ್ಲಿಯೂ ಅಂತಹ ಆಯುಧಗಳ ದಾಸ್ತಾನು ಉಂಟೆಂದು ಬಹಿರಂಗವಾಗಿ ಒಪ್ಪಿಕೊಂಡು, ಅಂತಾರಾಷ್ಟ್ರೀಯ ಪರೀಕ್ಷಕರ ಕಣ್ಣಮುಂದೆ 2009ರೊಳಗೆ ಎಲ್ಲವನ್ನೂ ನಾಶಪಡಿಸಿತು. ಇದರಿಂದ ಭಾರತ ದುರ್ಬಲವಾಯಿತೆಂದು ಇಂದು ಹೇಳುವವರಾರು? ಅಂತೆಯೇ, ಶತ್ರುಸೈನಿಕರನ್ನು ಶಾಶ್ವತವಾಗಿ ಕುರುಡಾಗಿಸುವ ಲೇಸರ್ ಆಯುಧಗಳನ್ನು ಅವು ರಣರಂಗದಲ್ಲಿ ಬೇರೂರುವುದಕ್ಕೆ ಮೊದಲೇ 1995ರಲ್ಲಿ ನಿಷೇಧಿಸಲಾಯಿತು. ಅದನ್ನು ಭಾರತವೂ ಒಪ್ಪಿದೆ. ಜಗತ್ತಿನಲ್ಲಿ ಲೇಸರ್ ವಿದ್ಯೆ ಅದರಿಂದ ನಿಂತುಹೋಗಲಿಲ್ಲ. ಆಸ್ಪತ್ರೆಗಳಲ್ಲಿ ಅದೇ ಲೇಸರ್ ಕಣ್ಣುಗಳನ್ನು ಉಳಿಸುತ್ತಿದೆ.

ಕಟ್ಟಳೆಗಳು ಮುರಿಯುವುದೂ ಉಂಟೆಂಬುದನ್ನು ಮರೆಮಾಚುವುದು ಸಲ್ಲದು. 2013ರಲ್ಲಿ ರಾಸಾಯನಿಕ ಒಡಂಬಡಿಕೆಗೆ ಸೇರಿದ ಬಳಿಕವೂ ಸಿರಿಯದ ಸರಕಾರಿ ಪಡೆಗಳು ವಿಷಾನಿಲವನ್ನು ಬಳಸಿದುವೆಂದು ಆ ಒಡಂಬಡಿಕೆಯ ತನಿಖಾಧಿಕಾರಿಗಳೇ ನಿರ್ಣಯಿಸಿದರು. ನೆಲಬಾಂಬುಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಡಂಬಡಿಕೆಯಿಂದ ಹೊರಬರುವುದಾಗಿ ಪೋಲೆಂಡ್, ಫಿನ್‌ಲೆಂಡ್ ಮತ್ತು ಮೂರು ಬಾಲ್ಟಿಕ್ ರಾಷ್ಟ್ರಗಳು 2025ರಲ್ಲಿ ವಿಶ್ವಸಂಸ್ಥೆಗೆ ತಿಳಿಸಿದುವು. ಭಯವು ವ್ರತವನ್ನು ಸಡಿಲಿಸುತ್ತದೆ. ಆದರೆ ವ್ರತಭಂಗವಾದೀತೆಂಬ ಕಾರಣಕ್ಕೆ ವ್ರತವನ್ನೇ ಹಿಡಿಯದಿರುವುದು, ರೋಗ ಮರುಕಳಿಸೀತೆಂದು ಪಥ್ಯವನ್ನೇ ಬಿಟ್ಟಂತೆ. ರಾಜನೀತಿಯಲ್ಲಿ ಯಾರನ್ನೂ ಸುಲಭವಾಗಿ ನಂಬದ ಕೌಟಿಲ್ಯನು ಈ ವಿಷಯದಲ್ಲಿ ಹೇಳಿದ ಮಾತು ಸೋಜಿಗವನ್ನುಂಟುಮಾಡುತ್ತದೆ. ಸತ್ಯ ಮತ್ತು ಶಪಥಗಳ ಮೇಲೆ ನಿಂತ ಸಂಧಿ ಚಂಚಲವಾದುದು, ಹೊಣೆಗಾರನನ್ನೋ ಒತ್ತೆಯಾಳನ್ನೋ ಪಡೆದು ಮಾಡಿದ ಸಂಧಿಯೇ ಸ್ಥಿರವೆಂದು ಅವನಿಗೆ ಮುಂಚಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯನು ಅದನ್ನು ಒಪ್ಪುವುದಿಲ್ಲ. ಶಪಥದ ಸಂಧಿ ಇಹಪರಗಳೆರಡರಲ್ಲಿಯೂ ನಿಲ್ಲುವುದು. ಒತ್ತೆಯಾಳಿನ ಸಂಧಿಯಾದರೋ ಇಹಕ್ಕೆ ಮಾತ್ರ, ಅದೂ ಬಲವಿರುವವರೆಗೆ ಎಂಬುದು ಅವನ ನಿರ್ಣಯ. ಪರೀಕ್ಷಿಸಿ ನೋಡಲಾಗದ ಒಪ್ಪಂದಕ್ಕೆ ಬೆಲೆಯಿಲ್ಲವೆನ್ನುವ ಇಂದಿನ ರಾಜತಂತ್ರಜ್ಞರು ಕೌಟಿಲ್ಯನಿಗಿಂತಲೂ ಕಠಿಣರಾದರೇ?

ಕೊಲ್ಲುವ ತೀರ್ಮಾನ ಮನುಷ್ಯನಲ್ಲಿಯೇ ಇರಬೇಕೆಂಬ ಈ ಗೆರೆಗೆ ಇಷ್ಟು ಮಹತ್ವವೇಕೆಂದು ಕೆಲವರು ಕೇಳಬಹುದು. ಯಂತ್ರಕ್ಕೆ ಕೋಪವಿಲ್ಲ, ಭಯವಿಲ್ಲ, ಸೇಡಿಲ್ಲ. ಮನುಷ್ಯನಿಗಿಂತ ಅದೇ ಕಡಿಮೆ ತಪ್ಪು ಮಾಡೀತು ಎಂಬ ವಾದವುಂಟು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಮನುಷ್ಯನು ರಣರಂಗದಲ್ಲಿ ಎಸಗಿರುವ ಕ್ರೌರ್ಯ ಅಷ್ಟಿಷ್ಟಲ್ಲ. ಆದರೆ ಯೋಗಸೂತ್ರವೇ ಹಿಂಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ: ತಾನು ಮಾಡಿದುದು, ಇನ್ನೊಬ್ಬರಿಂದ ಮಾಡಿಸಿದುದು, ಇತರರು ಮಾಡಿದುದನ್ನು ಅನುಮೋದಿಸಿದುದು. ಅದರ ಮೂಲ ಲೋಭ, ಕ್ರೋಧ, ಮೋಹಗಳಲ್ಲಿದೆ ಎಂದೂ ಹೇಳಿದೆ. ಯಂತ್ರದಲ್ಲಿ ಕ್ರೋಧವಿಲ್ಲ ನಿಜ, ಕಳುಹಿಸಿದವನಲ್ಲಿ ಇದೆಯಲ್ಲ! ಕೈಗೆ ರಕ್ತ ಹತ್ತದ ಮಾತ್ರಕ್ಕೆ ಮಾಡಿಸಿದವನ ಪಾಪ ಯಂತ್ರಕ್ಕೆ ಹೋಗುವುದಿಲ್ಲ. ಯಂತ್ರಕ್ಕೆ ಪಾಪವೇ ಇಲ್ಲ. ಮಾಡಿದವನಿಲ್ಲದ ಕೊಲೆ ಎಂಬ ಹೊಸ ವಸ್ತುವೊಂದು ಲೋಕದಲ್ಲಿ ಹುಟ್ಟುತ್ತದೆ. ಸತ್ತ ಮಗುವಿನ ತಾಯಿ ಯಾರ ಬಾಗಿಲಿಗೆ ಹೋಗಿ ಕೇಳಬೇಕು? ಸೈನಿಕನು ಯಂತ್ರವನ್ನು ತೋರಿಸುವನು, ಅಧಿಕಾರಿಯು ಸೈನಿಕನನ್ನು, ಸರಕಾರವು ತಯಾರಕನನ್ನು, ತಯಾರಕನು ಮತ್ತೆ ಸರಕಾರವನ್ನು.

ಇನ್ನೊಂದು ಕಾರಣವೂ ಇದೆ. 1983ರ ಸೆಪ್ಟೆಂಬರ್ 26ರ ರಾತ್ರಿ, ಅಂದಿನ ಸೋವಿಯತ್ ಒಕ್ಕೂಟದಲ್ಲಿ, ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಎಚ್ಚರಿಕೆಯ ಯಂತ್ರವು ಸೂಚಿಸಿತು. ಕಾವಲಿನಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್ ಎಂಬ ಅಧಿಕಾರಿ ಅದನ್ನು ನಂಬಲು ಹಿಂಜರಿದನು. ನಿಜವಾದ ದಾಳಿಯಾಗಿದ್ದರೆ ಐದೇ ಕ್ಷಿಪಣಿಗಳನ್ನು ಏಕೆ ಕಳುಹಿಸುತ್ತಾರೆಂದು ಯೋಚಿಸಿ, ಇದು ಸುಳ್ಳು ಎಚ್ಚರಿಕೆಯೆಂದೇ ಮೇಲಿನವರಿಗೆ ವರದಿ ಮಾಡಿದನು. ಮೋಡಗಳ ಮೇಲೆ ಪ್ರತಿಫಲಿಸಿದ ಸೂರ್ಯಪ್ರಕಾಶವನ್ನು ಉಪಗ್ರಹವು ಕ್ಷಿಪಣಿಯ ಬೆಂಕಿಯೆಂದು ತಪ್ಪಾಗಿ ಗ್ರಹಿಸಿದ್ದಿತೆಂದು ಆಮೇಲೆ ತಿಳಿದುಬಂದಿತು. ಯಂತ್ರವು ಅಂದು ಒಂದಿಷ್ಟೂ ಸಂದೇಹಿಸಿರಲಿಲ್ಲ. ಸಂದೇಹಿಸಿದವನು ಮನುಷ್ಯ. ಕೊಲ್ಲುವ ಮುನ್ನ ಬರುವ ಈ ಹಿಂಜರಿಕೆಯು ದೌರ್ಬಲ್ಯವಲ್ಲ. ದಯೆಯ ಮೊದಲ ಮೆಟ್ಟಿಲು ಅದು. ಇಂದು ನಾವು ಹಿಂಜರಿಯಬೇಕಾದಲ್ಲಿ ಹಿಂಜರಿಯದ ಯಂತ್ರಗಳನ್ನು ಕಟ್ಟುತ್ತಿದ್ದೇವೆ. ಹಿಂಜರಿಯಬಾರದಲ್ಲಿ, ಎಂದರೆ ಅವನ್ನು ಕಟ್ಟಳೆಗೆ ಒಳಪಡಿಸುವಲ್ಲಿ, ಹಿಂಜರಿಯುತ್ತಿದ್ದೇವೆ.

ಇದೆಲ್ಲವೂ ಜಿನೀವಾದ ಸಭಾಂಗಣದ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ವಾಚಕರು ಭಾವಿಸಬಾರದು. ಮಾಡಿದವನು, ಮಾಡಿಸಿದವನು, ಅನುಮೋದಿಸಿದವನು ಎಂಬ ಮೂವರಲ್ಲಿ ಮೂರನೆಯವರು ನಾವೇ. ಪ್ರಜಾಪ್ರಭುತ್ವದಲ್ಲಿ ಮೌನವೂ ಅನುಮೋದನೆಯಾಗುತ್ತದೆ. ನಮ್ಮ ದೇಶದ ಹೆಸರಿನಲ್ಲಿ 2023ರ ಡಿಸೆಂಬರಿನಲ್ಲಿ ಒಂದು ಮತ ಚಲಾವಣೆಯಾಯಿತು. ಅದು ಸರಿಯೋ ತಪ್ಪೋ ಎಂಬುದರಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ಆದರೆ ಅದನ್ನು ಕುರಿತು ನಮ್ಮಲ್ಲಿ ಎಷ್ಟು ಮಂದಿ ತಮ್ಮ ಲೋಕಸಭಾ ಸದಸ್ಯರನ್ನು ಕೇಳಿದೆವು? ಎಷ್ಟು ಮಂದಿಗೆ ಅದು ತಿಳಿದಿದ್ದಿತು? ಹತ್ತು ವರ್ಷಗಳಿಗೂ ಮಿಕ್ಕು ನಡೆದ ಚರ್ಚೆಯಲ್ಲಿ ತಜ್ಞರ ಸಮಿತಿಯ ಮೊದಲ ಅಧ್ಯಕ್ಷಪೀಠವನ್ನು ಅಲಂಕರಿಸಿದ ರಾಷ್ಟ್ರವು ಗೆರೆ ಎಳೆಯುವವರ ಮುಂದಾಳಾಗಬಲ್ಲುದು. ತೂಬಿನ ಸಮೀಪವಿರುವವರು ಕಟ್ಟಿದರೆ ತಾನೇ ಕೊನೆಯ ಗದ್ದೆಯವನಿಗೆ ಧೈರ್ಯ ಬರುವುದು?

ಆ ತರುಣನು ದೀಪಾವಳಿಗೆ ಊರಿಗೆ ಬಂದಾಗ ಮತ್ತೆ ಮಠಕ್ಕೆ ಬಂದಿದ್ದನು. ನಾವು ಅವನಿಗೆ ಹೇಳಿದುದಿಷ್ಟು: "ಮಗು, ಎದುರಿಗಿರುವವನು ಸಂಯಮ ತೋರದಿರುವಾಗ ನಿನ್ನ ಮನೆಯ ಬಾಗಿಲನ್ನು ತೆರೆದಿಡಬೇಕೆಂದು ಯಾವ ಧರ್ಮವೂ ಹೇಳದು. ದೇಶವನ್ನು ಕಾಯುವ ಕೆಲಸ ಹೀನವಲ್ಲ. ಆದರೆ ನೆರೆಯವನು ಮಾಡುವನೆಂಬುದು ಭಯಕ್ಕೆ ಕಾರಣವಾದೀತೇ ಹೊರತು, ಮಾಡಬಾರದುದನ್ನು ಮಾಡಲು ಪ್ರಮಾಣವಾಗದು. ನೀನು ಕಟ್ಟುವ ಯಂತ್ರದಲ್ಲಿ ಒಬ್ಬ ಮನುಷ್ಯನು ನಿಂತು ಯೋಚಿಸಲು ಎಡೆಯಿದೆಯೇ ಎಂದು ಕೇಳು. ಎಡೆಯಿದ್ದರೆ ಅದನ್ನು ಉಳಿಸುವ ಕೆಲಸ ಮಾಡು. ಇಲ್ಲವೆಂದರೆ ಆ ಕೆಲಸ ನಿನ್ನದಲ್ಲ."

ಅವನು ಕೇಳಿದನಂತೆ. ಎಡೆ ಇಲ್ಲವೆಂಬ ಉತ್ತರ ಬಂದಿತಂತೆ. ಬೇರೊಂದು ವಿಭಾಗಕ್ಕೆ ಹೋಗಲು ಅರ್ಜಿ ಕೊಟ್ಟಿರುವನೆಂದು ಅವನ ತಂದೆ ಮೊನ್ನೆ ಬಂದು ತಿಳಿಸಿದರು. ಅವನ ಜಾಗಕ್ಕೆ ಬೇರೊಬ್ಬನು ಬಂದಿರಬಹುದು, ಆ ಕೆಲಸ ನಿಂತಿರಲಾರದು. ಆದರೂ ಒಬ್ಬನು ತನ್ನ ಗದ್ದೆಯ ನೀರನ್ನ ಮೊದಲು ಕಟ್ಟಿದನು. ರಾಷ್ಟ್ರಗಳೂ ಇದನ್ನು ಕಲಿಯುವ ಕಾಲ ಬರಲಿ. ಅದು ಬರುವಂತೆ ಕೇಳುವ ಧೈರ್ಯ ನಮಗೆ ನಿಮಗೆಲ್ಲ ಒದಗಲಿ.